ಕೈ ಕಟ್ಟು, ಬಾಯಿ ಬಿಡು

ಪಾಳುಬಿದ್ದ ಹಳೆಯ ಕಟ್ಟಡಗಳನ್ನು ಅಳೆದು ನಕ್ಷೆ ಬರೆಯುವುದು, ಗೋಡೆಗೋಡೆಯ ಫೋಟೊ ತೆಗೆಯುವುದು, ಅಲ್ಲಿ ಇದ್ದವರು ಯಾರಾದರೂ ಬದುಕಿದ್ದರೆ ಹುಡುಕಿಕೊಂಡು ಹೋಗಿ ಅವರಿಂದ ಕಥೆ ಕೇಳಿ ರೆಕಾರ್ಡ್ ಮಾಡುವುದು ಅವಳ ಕೆಲಸ. ಇಂಥದ್ದಕ್ಕೂ ಸಂಬಳ ಕೊಡ್ತಾರಾ ಎಂದು ನೆಂಟರು ಕೇಳುತ್ತಿದ್ದರು. ಒಂದು ಸಣ್ಣ ಸಂಸ್ಥೆ ಕೊಡುತ್ತಿತ್ತು. ಯಾರ ಮನೆಗೆ ಹೋದರೂ ಅವಳು ಕಣ್ಣಲ್ಲೇ ಕಿಟಕಿ ಬಾಗಿಲಿನ ಅಳತೆ ಹಾಕುತ್ತಾಳೆ ಎಂದು ಆಫೀಸಿನವರು ಟೇಪಮ್ಮ ಎಂದು ಅಡ್ಡಹೆಸರು ಇಟ್ಟಿದ್ದರು. ಮುಚ್ಚಿಹೋದ ಜೈಲು, ಛಾವಣಿ ಕುಸಿದ ಗಿರಣಿ, ಹಾವು ಸೇರಿಕೊಂಡ ಆಸ್ಪತ್ರೆ ಎಲ್ಲವನ್ನೂ ಅವಳು ಅಳೆದಿದ್ದಳು. ಹಳಬರನ್ನು ಮಾತಾಡಿಸುವುದರಲ್ಲಂತೂ ಅವಳ ಸಮ ಯಾರೂ ಇರಲಿಲ್ಲ. ಅವಳು ಎದುರು ಕೂತವರ ಮುಖವನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಅಷ್ಟು ಗಮನ ಕೊಟ್ಟು ನೋಡುವವರು ಸಿಕ್ಕರೆ ಯಾರಿಗೂ ಮನಸ್ಸು ಬಿಚ್ಚಬೇಕು ಅನ್ನಿಸುತ್ತದೆ.

ಆ ಅಭ್ಯಾಸ ಬಂದದ್ದು ಅಮ್ಮನಿಂದ. ಅಮ್ಮನಿಗೆ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ. ಬಾಯಿಂದ ಒಂದು ಸ್ವರ ಹೊರಟದ್ದನ್ನೂ ಮಗಳು ಕೇಳಿರಲಿಲ್ಲ. ಮಾತೆಲ್ಲ ಕೈಯಲ್ಲೇ. ಅಪ್ಪ ಇವಳು ನಡೆಯಲು ಕಲಿಯುವ ಮೊದಲೇ ತೀರಿಕೊಂಡಿದ್ದ. ಬಾಯಿಮಾತನ್ನು ಮಗಳು ಅಜ್ಜಿಯಿಂದ ಕಲಿತಿದ್ದಳು, ಅದಕ್ಕೂ ಮೊದಲು ಕೈಮಾತನ್ನು ಅಮ್ಮನಿಂದ. ಅಮ್ಮ ಬೀದಿಗೆ ತೆರೆದ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಳು. ಅಳತೆ ಕೊಡುವಾಗ ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಳ್ಳುವ ಗಿರಾಕಿಯನ್ನು ಆಕೆ ಹೋದಮೇಲೆ ಅಣಕಿಸಿ ತೋರಿಸುತ್ತಿದ್ದಳು. ಮಗಳು ನಕ್ಕು ನಕ್ಕು ನೆಲದ ಮೇಲೆ ಉರುಳುತ್ತಿದ್ದಳು. ತುಟಿ ನೋಡಿ ಮಾತು ಹಿಡಿಯುವುದರಲ್ಲಿ ಅಮ್ಮ ಗಟ್ಟಿಗಿತ್ತಿ. ಬೀದಿಯ ಆಚೆ ಬದಿಯಲ್ಲಿ ನಿಂತು ಯಾರಾದರೂ ಅವಳ ಹೊಲಿಗೆಯನ್ನು ಆಡಿಕೊಂಡರೆ ಕೂತಲ್ಲೇ ಗೊತ್ತಾಗಿಬಿಡುತ್ತಿತ್ತು.

ಅಜ್ಜಿ ಇಟ್ಟ ಹೆಸರು ಅಮ್ಮನಿಗೆ ಬೇಕಿರಲಿಲ್ಲ. ಮಗಳಿಗೆ ಅವಳು ತನ್ನದೇ ಹೆಸರು ಇಟ್ಟಿದ್ದಳು: ತೋರುಬೆರಳಿನಿಂದ ಎಡಹುಬ್ಬಿನ ಮೇಲೆ ಓರೆಯಾಗಿ ಒಂದು ಗೀರು. ಚಿಕ್ಕವಳಿದ್ದಾಗ ಮಗಳು ಕನ್ನಡಿ ನೋಡಿಕೊಂಡು ಬಂದು ಕೇಳಿದ್ದಳು, "ನನ್ನ ಹುಬ್ಬಿನ ಮೇಲೆ ಏನೂ ಇಲ್ವಲ್ಲಾ?"

"ಸುಮ್ಮನೆ. ಚೆನ್ನಾಗಿದೆ ಅಂತ," ಎಂದಿದ್ದವು ಅಮ್ಮನ ಕೈಗಳು.

ಒಂದು ದಿನ ಸಂಸ್ಥೆಯ ನಿರ್ದೇಶಕರು ಹೊಸ ಕೆಲಸ ಒಪ್ಪಿಸಿದರು. ಊರಾಚೆಯ ಕಿವುಡ ಮಕ್ಕಳ ಹಳೆಯ ಶಾಲೆ. ಮುಚ್ಚಿ ಎಷ್ಟೋ ವರ್ಷವಾಗಿತ್ತು. ಕೆಡವಬೇಕೋ ಉಳಿಸಬೇಕೋ ಎಂದು ಸರ್ಕಾರದವರು ತೀರ್ಮಾನಿಸುವ ಮೊದಲು ಅದರ ಪೂರ್ತಿ ದಾಖಲೆ ಆಗಬೇಕಿತ್ತು, ಜೊತೆಗೆ ಒಂದು ಕಿರುಚಿತ್ರ ಬೇರೆ. ಮಗಳು ಕುರ್ಚಿಯಿಂದ ಎದ್ದೇಬಿಟ್ಟಳು. "ಸಾರ್, ನಮ್ಮಮ್ಮ ಓದಿದ್ದು ಅಲ್ಲೇ!"

ನಿರ್ದೇಶಕರ ಕಣ್ಣು ಅರಳಿತು. "ಹಾಗಾದ್ರೆ ಅರ್ಧ ಕೆಲಸ ಮುಗೀತು ಅನ್ನಮ್ಮಾ."

ಮನೆಗೆ ಓಡಿಬಂದು ಹೇಳಿದಾಗ ಅಮ್ಮ ಸೂಜಿಗೆ ದಾರ ಪೋಣಿಸುತ್ತಿದ್ದಳು. ಪೂರ್ತಿ ಪೋಣಿಸಿದ ಮೇಲೆ ಕೈ ಬಿಡುವು ಮಾಡಿಕೊಂಡು, "ಬೀಳ್ತಾ ಇದೆ ತಾನೇ? ಬೀಳಲಿ ಬಿಡು," ಎಂದಳು.

ಕಲ್ಲಿನ ಗೋಡೆಯ, ಎರಡು ಅಂತಸ್ತಿನ ಕಟ್ಟಡ ಅದು. ಮುಂಬಾಗಿಲ ಮೇಲೆ ಎರಡಾಳು ಸೇರಿದರೂ ಎತ್ತಲಾಗದಂಥ ಒಂದು ಗಂಟೆ. ಕಿವುಡರ ಶಾಲೆಗೆ ಗಂಟೆ ಯಾಕೆ ಎಂದು ಕ್ಯಾಮೆರಾದವನು ನಕ್ಕ. ಟೀಚರುಗಳಿಗೆ ಹೊಟ್ಟೆ ಹಸಿಯುವುದಿಲ್ಲವೇ ಎಂದಳು ಅವಳು. ನೆಲದ ತುಂಬ ಪಾರಿವಾಳದ ಹಿಕ್ಕೆ, ಒದ್ದೆ ಸುಣ್ಣದ ವಾಸನೆ. ಒಂದು ಕೋಣೆಯ ಮೂರು ಗೋಡೆಗಳಿಗೂ ಕನ್ನಡಿ ಜಡಿದಿದ್ದರು, ಮಕ್ಕಳ ಬಾಯಿಯ ಎತ್ತರಕ್ಕೆ ಮಾತ್ರ. ಅದರ ಮುಂದೆ ನಿಂತರೆ ದೊಡ್ಡವರಿಗೆ ತಮ್ಮ ಸೊಂಟ ಕಾಣುತ್ತಿತ್ತು. ಪಕ್ಕದ ತರಗತಿಯಲ್ಲಿ ಬೆಂಚುಗಳ ಬೆನ್ನೊರಗಿಗೆ ಎರಡೆರಡು ತೂತು, ಅವುಗಳಲ್ಲಿ ಇನ್ನೂ ಜೋತಾಡುತ್ತಿದ್ದ ಅಗಲವಾದ ಬಟ್ಟೆಪಟ್ಟಿ. ಬೆಂಚು ಗೋಡೆಗೆ ಕಟ್ಟಿಹಾಕಲು ಇರಬೇಕು ಎಂದ ಕ್ಯಾಮೆರಾದವನು. ಅವಳಿಗೂ ಬೇರೇನೂ ಹೊಳೆಯಲಿಲ್ಲ. ತೂತುಗಳ ಅಂತರವನ್ನು ಅಳೆದು ಬರೆದುಕೊಂಡಳು.

ಮೆಟ್ಟಿಲ ಕೆಳಗೆ ಒಂದು ಉಗ್ರಾಣ. ಕಿಟಕಿಯಿಲ್ಲ, ಚಿಲಕ ಮಾತ್ರ ಹೊರಗೆ. ಟಾರ್ಚ್ ಹಿಡಿದು ಬಗ್ಗಿ ಒಳಗೆ ಹೋದವಳಿಗೆ ಗೋಡೆಯ ತಳಭಾಗದಲ್ಲಿ ಇದ್ದಿಲಿನಲ್ಲಿ ಬರೆದ ಕೈಗಳು ಕಂಡವು. ಒಂದರ ಪಕ್ಕ ಒಂದು, ಬೇರೆ ಬೇರೆ ಭಂಗಿಯಲ್ಲಿ. ಅವಳು ಒಂದೊಂದಾಗಿ ನೋಡುತ್ತ ಹೋದಳು. ಇದು ‘ಮನೆ’. ಇದು ‘ಹಸಿವು’. ಇದು ‘ಕತ್ತೆ’, ಅಮ್ಮ ಸಿಟ್ಟು ಬಂದಾಗ ಗಿರಾಕಿಗಳಿಗೆ ಹೇಳುವುದು. ಅಮ್ಮ ತಾನೇ ಕಟ್ಟಿಕೊಂಡ ಮಾತು ಎಂದು ಇಷ್ಟು ಕಾಲ ಅವಳು ತಿಳಿದಿದ್ದಳು. ಕೊನೆಯಲ್ಲಿ ಒಂದು ಹುಡುಗಿಯ ಮುಖವಿತ್ತು. ಎಡಹುಬ್ಬಿನ ಮೇಲೆ ಓರೆಯಾಗಿ ಒಂದು ಗೀರು, ಗೀರಿನ ಮೇಲೆ ಒಂದು ತೋರುಬೆರಳು.

ಸಂಜೆ ಫೋಟೊ ತೋರಿಸಿದಾಗ ಅಮ್ಮ ಬಹಳ ಹೊತ್ತು ನೋಡಿದಳು. ಆಮೇಲೆ ಫೋನನ್ನು ಬೋರಲು ಹಾಕಿ ಯಂತ್ರದ ಪೆಡಲ್ ತುಳಿಯತೊಡಗಿದಳು.

"ಇದು ನನ್ನ ಹೆಸರು. ಯಾರಮ್ಮ ಇವಳು?"

"ಮಕ್ಕಳಾಟ."

ಅಮ್ಮನ ಬಾಯಿ ಬಿಡಿಸಲು ಆಗದಿದ್ದರೆ ಬೇರೆಯವರನ್ನು ಕೇಳಬೇಕು, ಕಸುಬೇ ಅದಲ್ಲವೇ. ಅವಳು ಹುಡುಕಾಡಿ ಶಾಲೆಯ ಮುಖ್ಯೋಪಾಧ್ಯಾಯಿನಿಯನ್ನು ಪತ್ತೆಹಚ್ಚಿದಳು. ಮಕ್ಕಳೆಲ್ಲ ದೊಡ್ಡ ಟೀಚರ್ ಎನ್ನುತ್ತಿದ್ದರಂತೆ. ಮದುವೆಯಾಗದೆ, ಇಡೀ ಆಯುಷ್ಯ ಶಾಲೆಗೇ ತೇಯ್ದ ಹೆಂಗಸು. ಈಗ ತಂಗಿಯ ಮಗಳ ಮನೆಯಲ್ಲಿದ್ದರು. ಬೆನ್ನು ಬಾಗಿದ್ದರೂ ನಾಲಗೆ ಬಾಗಿರಲಿಲ್ಲ. ಒಂದೊಂದು ಅಕ್ಷರವನ್ನೂ ತೊಳೆದು ಒರೆಸಿ ಜೋಡಿಸಿಟ್ಟ ಹಾಗೆ ಮಾತು. ಮಹಾಪ್ರಾಣ ಬಂದಾಗ ಎದುರು ಕೂತವರ ಮುಖಕ್ಕೆ ಗಾಳಿ ಬಡಿಯುತ್ತಿತ್ತು.

"ನಾನು ಮೂಕರಿಗೆ ಬಾಯಿ ಕೊಟ್ಟವಳಮ್ಮ," ಎಂದರು ಅವರು. "ಬೇರೆ ಶಾಲೆಗಳಲ್ಲಿ ಕೈ ಕಟ್ಟು, ಬಾಯಿ ಮುಚ್ಚು ಎನ್ನುತ್ತಾರೆ. ನಮ್ಮಲ್ಲಿ ಕೈ ಕಟ್ಟು, ಬಾಯಿ ಬಿಡು."

ಅವಳು ನಕ್ಕಳು. ಅದು ತಮಾಷೆ ಎಂದುಕೊಂಡಿದ್ದಳು. ತನ್ನ ತಾಯಿ ಯಾರೆಂದು ಹೇಳಿದಾಗ ಮುದುಕಿಯ ಕಣ್ಣು ತುಂಬಿಬಂತು. "ಅವಳೇ? ನನ್ನ ಚಿನ್ನ ಅವಳು! ಶಾಲೆಗೆ ದೊಡ್ಡವರು ಬಂದರೆ ನಾನು ಅವಳನ್ನೇ ಮುಂದೆ ನಿಲ್ಲಿಸುತ್ತಿದ್ದೆ. ಎಷ್ಟು ಚೆನ್ನಾಗಿ ಮಾತಾಡುತ್ತಿದ್ದಳು!"

ಅಮ್ಮ ಮಾತಾಡುತ್ತಿದ್ದಳು ಎಂಬ ಸಂಗತಿ ಮಗಳಿಗೆ ಅಲ್ಲಿಯ ತನಕ ಗೊತ್ತಿರಲಿಲ್ಲ. ದಾರಿಯುದ್ದಕ್ಕೂ ಅದೇ ಅವಳ ತಲೆಯಲ್ಲಿ ಸುತ್ತಿತು. ಅಷ್ಟು ಅಕ್ಕರೆಯ ಟೀಚರನ್ನು ಎದುರಿಗೆ ತಂದು ನಿಲ್ಲಿಸಿದರೆ ಅಮ್ಮನ ಬಿಗುಮಾನ ಕರಗಬಹುದು ಎನ್ನಿಸಿತು. ನಿರ್ದೇಶಕರಿಗಂತೂ ಕುಣಿಯುವಷ್ಟು ಖುಷಿ. "ಮೊದಲೇ ಹೇಳ್ಬೇಡಮ್ಮಾ. ನೋಡಿದ ಕ್ಷಣದ ಮುಖ ನಮಗೆ ಸಿಗ್ಬೇಕು."

ಮಗಳು ಹೇಳಲಿಲ್ಲ. "ನೀನು ಎಲ್ಲಿ ಕೂರ್ತಿದ್ದೆ ಅಂತ ತೋರಿಸು ಬಾ, ಒಂದೇ ಒಂದು ದಿನ," ಎಂದು ಗೋಗರೆದು ಅಮ್ಮನನ್ನು ಹೊರಡಿಸಿದಳು. ಅಮ್ಮ ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ಯಾವ ಗಿರಾಕಿಗೂ ತೋರಿಸದ ಮುಖ ಮಾಡಿಕೊಂಡು ಬಂದಳು.

ಕನ್ನಡಿ ಕೋಣೆಯಲ್ಲಿ ದೊಡ್ಡ ಟೀಚರ್ ಕುರ್ಚಿಯ ಮೇಲೆ ಕೂತಿದ್ದರು, ಪಕ್ಕದಲ್ಲಿ ನಿರ್ದೇಶಕರು, ಕ್ಯಾಮೆರಾದವನು. ಅಮ್ಮ ಹೊಸ್ತಿಲು ದಾಟಿದವಳು ಅಲ್ಲೇ ನಿಂತಳು. ಅವಳ ಎರಡೂ ಕೈಗಳು ತಾವಾಗಿಯೇ ಬೆನ್ನ ಹಿಂದೆ ಹೋದವು. ತಲೆನರೆತ ಹೆಂಗಸು, ಒಂದು ಮಣಿಕಟ್ಟನ್ನು ಇನ್ನೊಂದು ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡು ನೆಟ್ಟಗೆ ನಿಂತಿದ್ದಳು. ಬೆಂಚುಗಳ ತೂತು, ಬಟ್ಟೆಪಟ್ಟಿ ಯಾತಕ್ಕೆ ಎಂಬುದು ಮಗಳಿಗೆ ಆಗ ತಿಳಿಯಿತು. ತಾನು ಅಂತರ ಅಳೆದು ಬರೆದದ್ದು ನೆನಪಾಯಿತು.

"ಬಾ ಮಗು," ಎಂದರು ಟೀಚರ್, ತುಟಿಗಳನ್ನು ದೊಡ್ಡದಾಗಿ ಅಲುಗಿಸುತ್ತ. "ಹತ್ತಿರ ಬಾ. ಮರೆತಿಲ್ಲ ತಾನೇ?" ಅವರು ಕೈಚೀಲದಿಂದ ಒಂದು ಕಾಗದದ ಚೂರು ತೆಗೆದು ಅಮ್ಮನ ತುಟಿಯ ಮುಂದೆ ಹಿಡಿದರು. "ಪ."

ಅಮ್ಮನ ತುಟಿಗಳು ತೆರೆದುಕೊಂಡವು. "ಪ," ಎಂದಿತು ಒಂದು ಒರಟು, ಒಣಗಿದ ಸ್ವರ. ಕಾಗದ ಅಲುಗಲಿಲ್ಲ.

"ಸರಿ. ಫ."

"ಫ." ಕಾಗದ ಹಾರಾಡಿತು. ನಿರ್ದೇಶಕರು ಚಪ್ಪಾಳೆ ತಟ್ಟಿದರು. ಅಮ್ಮನ ದನಿಯನ್ನು ಮಗಳು ಕೇಳಿದ್ದು ಅದೇ ಮೊದಲು.

"ಇದು ಯಾರು?" ಎಂದು ಟೀಚರ್ ಮಗಳತ್ತ ಬೆರಳು ತೋರಿದರು. "ಇವಳು ನನ್ನ ಮಗಳು. ಹೇಳು."

"ಇವಳು ನನ್ನ ಮಅಳು."

"ಗ. ಮಗಳು. ಗ ಎಲ್ಲಿ ಹೋಯಿತು?" ಟೀಚರ್ ಕ್ಯಾಮೆರಾದ ಕಡೆ ತಿರುಗಿದರು. "ಪ, ಬ, ಮ ತುಟಿಯಲ್ಲಿ ಹುಟ್ಟುತ್ತವೆ, ಮಕ್ಕಳಿಗೆ ಕಣ್ಣಿಗೆ ಕಾಣುತ್ತವೆ. ಗ ಗಂಟಲೊಳಗೆ. ಕಾಣುವುದಿಲ್ಲ. ಇವಳಿಗೆ ಯಾವಾಗಲೂ ಅದೇ ಕಷ್ಟ." ಅಮ್ಮನ ಕೈಯನ್ನು ಬೆನ್ನ ಹಿಂದಿನಿಂದ ಎಳೆದು ತಮ್ಮ ಗಂಟಲಿಗೆ ಒತ್ತಿಕೊಂಡು, "ಗ. ಗ. ಗ," ಎಂದರು. ಆಮೇಲೆ ಆ ಕೈಯನ್ನು ಹಿಂದಕ್ಕೆ ಕಳಿಸಿದರು.

"ಮಅಳು."

"ಇನ್ನೊಮ್ಮೆ."

"ಸಾಕು ಟೀಚರ್," ಎಂದಳು ಮಗಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳು ಅಮ್ಮನ ಎದುರಿಗೆ ಬಂದು "ಹೋಗೋಣ ನಡಿ" ಎಂದು ಕೈಮಾಡಿದಳು. ಅಮ್ಮ ಅವಳನ್ನು ನೋಡಲೂ ಇಲ್ಲ. ಟೀಚರ ತುಟಿಯನ್ನೇ ನೋಡುತ್ತ, ಹಣೆಯ ಮೇಲೆ ಬೆವರು ಇಳಿಯುತ್ತ, ಮತ್ತೆ ಮತ್ತೆ ಹೇಳುತ್ತಿದ್ದಳು. ಕತ್ತಿನ ನರಗಳು ಉಬ್ಬಿದ್ದವು. ಎಷ್ಟೋ ಹೊತ್ತಿನ ಮೇಲೆ ಆ ಕೋಣೆಯಲ್ಲಿ "ಮಗಳು" ಎಂಬ ಮಾತು ಅಚ್ಚುಕಟ್ಟಾಗಿ ಹೊರಬಿತ್ತು.

"ಭೇಷ್!" ಎಂದು ಟೀಚರ್ ಅವಳ ಕೆನ್ನೆ ಸವರಿ, ಪಕ್ಕದಲ್ಲಿದ್ದ ನೀರಿನ ಬಾಟಲಿ ಕೊಟ್ಟರು. "ಈಗ ಕುಡಿ." ಅಮ್ಮ ಗಟಗಟ ಕುಡಿದಳು. ಆಮೇಲೆ "ವಂದನೆ," ಎಂದಳು.

ಕ್ಯಾಮೆರಾದವನ ಕಣ್ಣಲ್ಲಿ ನೀರಿತ್ತು. ಸಂತೋಷದ ಕಣ್ಣೀರು, ಪಾಪ.

ಮರುದಿನ ಬೆಳಗ್ಗೆ ಅಮ್ಮ ಅಂಗಡಿಯ ಬಾಗಿಲು ತೆರೆಯಲಿಲ್ಲ. ಮಗಳನ್ನು ಎದುರಿಗೆ ಕೂರಿಸಿಕೊಂಡು ಕೈ ಬಿಚ್ಚಿದಳು.

"ಹುಬ್ಬಿನ ಮೇಲೆ ಗೀರು ಇದ್ದವಳು ನನ್ನ ಗೆಳತಿ. ನಮಗೆಲ್ಲ ಕೈಮಾತು ಕಲಿಸಿದ್ದೇ ಅವಳು. ಅವಳ ಮನೇಲಿ ಅಪ್ಪ, ಅಮ್ಮ, ಅಣ್ಣ ಎಲ್ಲರೂ ನಮ್ಮ ಥರದವರೇ. ಕೈ ಕಟ್ಟಿದ್ರೆ ಕಣ್ಣಲ್ಲಿ ಮಾತಾಡ್ತಿದ್ಳು. ಟೀಚರನ್ನ ಅಣಕಿಸ್ತಿದ್ಳು. ಒಂದು ದಿನ ಸಿಕ್ಕಿಬಿದ್ಳು. ಅವಳಿಗೆ ಆವತ್ತು ಮೈ ಸುಡ್ತಿತ್ತು. ಮೆಟ್ಟಿಲ ಕೆಳಗೆ ಹಾಕಿ ಬೀಗ ಹಾಕಿದ್ರು."

ಅಮ್ಮನ ಕೈಗಳು ಒಂದು ಕ್ಷಣ ತೊಡೆಯ ಮೇಲೆ ಕೂತವು. ಮತ್ತೆ ಎದ್ದವು.

"ಅವಳು ಬಾಗಿಲು ಬಡಿದಳು. ಯಾರಿಗೆ ಕೇಳ್ಬೇಕು? ನಾವೆಲ್ಲ ಕಿವುಡರು. ಕಿವಿ ಇದ್ದವರು ಮೇಲಿನ ಕೋಣೇಲಿ ಊಟ ಮಾಡ್ತಿದ್ರು. ನಾನು ಹೋಗಿ ಬಾಗಿಲಿಗೆ ಅಂಗೈ ಇಟ್ಟೆ. ಬಡಿಯೋದು ಅಂಗೈಗೆ ತಿಳೀತಿತ್ತು. ನಾನೂ ಬಡಿದೆ. ಅವಳು ಬಡಿದಳು. ಹಾಗೇ ನಾವು ಮಾತಾಡ್ಕೊಂಡ್ವಿ. ಆಮೇಲೆ ನಿಧಾನ ಆಯ್ತು. ಆಮೇಲೆ ನಿಂತೇಹೋಯ್ತು. ಟೀಚರ್ ಹತ್ರ ಓಡಿದೆ. ಕೈಯಲ್ಲಿ ಹೇಳಿದೆ. ಕೈಗೆ ಹೊಡೆದ್ರು. ಬಾಯಲ್ಲಿ ಹೇಳು ಅಂದ್ರು. ‘ಬಾಗಿಲು ತೆಗೆಯಿರಿ.’ ನನಗೆ ಗ ಬರಲ್ಲ. ಬಾಇಲು ಅಂದೆ. ಅವರಿಗೆ ಅರ್ಥ ಆಗಿತ್ತು. ಮುಖ ನೋಡಿದ್ರೆ ನನಗೆ ಗೊತ್ತಾಗಲ್ವಾ? ಆದ್ರೂ ಕನ್ನಡಿ ಮುಂದೆ ನಿಲ್ಲಿಸಿದ್ರು. ಗಂಟಲಿಗೆ ಕೈ ಇಡಿಸಿದ್ರು. ಗ, ಗ, ಗ. ನಾನು ಸರಿಯಾಗಿ ಹೇಳೋ ತನಕ ಅವರು ಏಳಲಿಲ್ಲ. ಬಾಗಿಲು ತೆಗೆದಾಗ ಅವಳು ಮುದುಡಿ ಮಲಗಿದ್ಳು. ಮೈ ತಣ್ಣಗಿತ್ತು."

ಮಗಳು ಅಮ್ಮನ ಮೊಣಕಾಲಿಗೆ ಹಣೆಯಿಟ್ಟು ಅತ್ತಳು. ಅಮ್ಮ ಅವಳ ಗಲ್ಲ ಎತ್ತಿ ಮುಖ ತನ್ನತ್ತ ತಿರುಗಿಸಿದಳು. "ಅವತ್ತಿಂದ ನಾನು ಬಾಯಿ ಬಿಡಲಿಲ್ಲ. ಶಾಲೆ ಬಿಡಿಸಿ ಮನೆಗೆ ಕಳಿಸಿದ್ರು. ನಿನ್ನೆ ನೀನು ಬಾಯಿ ಬಿಡಿಸಿದೆ."

"ನನಗೆ ಗೊತ್ತಿರಲಿಲ್ಲಮ್ಮ."

"ಈಗ ಗೊತ್ತಾಯ್ತಲ್ಲ. ನಿನಗೆ ಬಾಯಿ ಇದೆ. ಹೇಳು."

ಮಗಳು ಆವತ್ತೇ ನಿರ್ದೇಶಕರ ಮುಂದೆ ಎಲ್ಲ ಹೇಳಿದಳು. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ದೊಡ್ಡ ಆಪಾದನೆ ಅಮ್ಮಾ ಇದು. ಒಬ್ಬರ ಮಾತು ಕೇಳಿ ಇನ್ನೊಬ್ಬರ ಮೇಲೆ ಗೂಬೆ ಕೂರಿಸೋಕಾಗಲ್ಲ. ಇಬ್ಬರನ್ನೂ ಕರೆಸೋಣ. ನಿಮ್ಮಮ್ಮ ಟೀಚರ್ ಎದುರಿಗೇ ಹೇಳಲಿ. ಕ್ಯಾಮೆರಾ ಇರುತ್ತೆ." ನ್ಯಾಯವಾಗಿಯೇ ಕಂಡಿತು. ಅಮ್ಮನೂ ಒಪ್ಪಿದಳು.

ಆಫೀಸಿನ ಸಭೆಯ ಕೋಣೆಯಲ್ಲಿ ಉದ್ದನೆಯ ಮೇಜಿನ ಒಂದು ಬದಿಗೆ ಟೀಚರ್, ಇನ್ನೊಂದು ಬದಿಗೆ ಅಮ್ಮ, ನಡುವೆ ಮಗಳು. ಅಮ್ಮ ಈ ಸಲ ಕೈಗಳನ್ನು ಹಿಂದಕ್ಕೆ ಒಯ್ಯಲಿಲ್ಲ. ಮೇಜಿನ ಮೇಲಿಟ್ಟು ಕೂತಳು. ಆಮೇಲೆ ಎತ್ತಿದಳು. ಒಂದೊಂದೇ ಮಾತನ್ನು ಅವಳು ಕೈಯಲ್ಲಿ ಹೇಳುತ್ತ ಹೋದಳು, ಮಗಳು ಬಾಯಲ್ಲಿ ಹೇಳುತ್ತ ಹೋದಳು.

"ಇದೇನಮ್ಮ ಇದು?" ಎಂದರು ಟೀಚರ್ ನಡುವೆ, ನಿಜವಾದ ಬೇಸರದಿಂದ. "ಇದು ಭಾಷೆಯಲ್ಲ. ಕೈ ಬೀಸುತ್ತಿದ್ದಾಳೆ. ನೀನು ನಿನಗೆ ತೋಚಿದ್ದನ್ನು ಹೇಳುತ್ತಿದ್ದೀಯ. ಇವಳಿಗೆ ನಾನು ಮಾತು ಕಲಿಸಿದ್ದೇನೆ. ಬಾಯಲ್ಲಿ ಹೇಳಲಿ."

"ಅವಳಿಗೆ ನೀವು ಕಲಿಸಿದ ಮಾತುಗಳಲ್ಲಿ ಇದನ್ನ ಹೇಳೋಕಾಗಲ್ಲ ಟೀಚರ್," ಎಂದಳು ಮಗಳು. ವಂದನೆ, ದಯವಿಟ್ಟು, ಕೊಡಿ, ತಪ್ಪಾಯಿತು. ಅಷ್ಟರಲ್ಲಿ ಏನು ಹೇಳಿಯಾರು?

ಕಥೆ ಮುಗಿಯುತ್ತ ಬಂದಿತ್ತು. ಅಮ್ಮ ಬೆರಳನ್ನು ಟೀಚರ ಎದೆಗೆ ನೇರ ಗುರಿಯಿಟ್ಟು, ಆ ಕೈಯನ್ನೇ ಮುಷ್ಟಿ ಮಾಡಿ ಇನ್ನೊಂದು ಅಂಗೈಯೊಳಗೆ ತಿರುಚಿದಳು. ನೀನು ಅವಳನ್ನು ಕೊಂದೆ.

ಮಗಳು ಟೀಚರ ಮುಖ ನೋಡಿದಳು. ಚರ್ಮ ಸುಕ್ಕುಗಟ್ಟಿದ ಆ ಕತ್ತು, ನಡುಗುವ ತಲೆ. ನಿರ್ದೇಶಕರು ಪೆನ್ನು ಹಿಡಿದು ಕಾಯುತ್ತಿದ್ದರು. ಕ್ಯಾಮೆರಾದ ಕೆಂಪು ದೀಪ ಉರಿಯುತ್ತಿತ್ತು.

"ಅವಳು... ಶಾಲೆಯಲ್ಲಿ ತೀರಿಕೊಂಡಳು," ಎಂದಳು ಮಗಳು.

ಅಮ್ಮ ಮಗಳ ತುಟಿಯನ್ನೇ ನೋಡುತ್ತಿದ್ದಳು.

ಅಮ್ಮ ಎರಡೂ ಕೈಗಳನ್ನು ಮೇಜಿನಿಂದ ಎತ್ತಿ ಮಡಿಲಲ್ಲಿಟ್ಟುಕೊಂಡಳು. ಎದ್ದು ನಿಂತಳು. ಟೀಚರ ಕಣ್ಣಲ್ಲಿ ಕಣ್ಣಿಟ್ಟು, ಬಾಯಿ ತೆರೆದು, ಗಂಟಲಿನ ಆಳದಿಂದ ಹೇಳಿದಳು. "ಬಾಗಿಲು ತೆಗೆಯಿರಿ."

ಆಮೇಲೆ ಮತ್ತೆ, ಇನ್ನೂ ಜೋರಾಗಿ. "ಬಾಗಿಲು ತೆಗೆಯಿರಿ. ಬಾಗಿಲು ತೆಗೆಯಿರಿ!"

ದೊಡ್ಡ ಟೀಚರ ಮುಖ ಬೆಳಗಿತು. "ಕೇಳಿದಿರಾ? ಎಷ್ಟು ಸ್ಪಷ್ಟ!" ಅವರು ನಿರ್ದೇಶಕರ ತೋಳು ಹಿಡಿದು ಅಲುಗಿಸಿದರು. "ಗ ನೋಡಿ, ಗ! ಆವತ್ತು ಇದೇ ಮಾತನ್ನು ಎಷ್ಟು ಸಲ ಹೇಳಿಸಿದೆ, ಅಳುತ್ತ ಅಳುತ್ತ ಬಾಇಲು ಬಾಇಲು ಎನ್ನುತ್ತಿದ್ದಳು. ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಬಿಡಬಾರದಮ್ಮ, ಮಕ್ಕಳು ಅತ್ತರೂ ಬಿಡಬಾರದು. ಬಿಟ್ಟಿದ್ದರೆ ಇವತ್ತು ಈ ಗ ಬರುತ್ತಿತ್ತೇ?"

ಅವರಿಗೆ ಎಲ್ಲ ನೆನಪಿತ್ತು. ಆ ದಿನ, ಆ ಅಳು, ಆ ಕನ್ನಡಿ. ಬಾಗಿಲ ಹಿಂದೆ ಯಾರಿದ್ದರು ಎಂದು ಮಗಳು ಕೇಳಿದ್ದಕ್ಕೆ ಹಣೆ ಗಂಟಿಕ್ಕಿ ಯೋಚಿಸಿದರು. "ಯಾರೋ ಒಬ್ಬಳು ಇದ್ದಳು. ಜ್ವರ ಬಂದು ಹೋದಳು. ಪಾಪ, ಅವಳಿಗೆ ಮಾತು ಹತ್ತಲೇ ಇಲ್ಲ."

ಹೊರಡುವಾಗ ಟೀಚರ್ ಅಮ್ಮನನ್ನು ತಬ್ಬಿಕೊಂಡರು. ಅಮ್ಮ ಮರದ ಕೊರಡಿನ ಹಾಗೆ ನಿಂತಿದ್ದಳು.

ಮರುವಾರ ಮಗಳು ನಿರ್ದೇಶಕರ ಮೇಲೆ ಹರಿಹಾಯ್ದಳು. "ಅವರೇ ಒಪ್ಪಿಕೊಂಡ್ರಲ್ಲ ಸಾರ್! ನಿಮ್ಮ ಮುಂದೇನೇ ಹೇಳಿದ್ರಲ್ಲ!"

"ಏನು ಒಪ್ಪಿಕೊಂಡ್ರು? ಉಚ್ಚಾರ ಕಲಿಸಿದೆ ಅಂದ್ರು. ಒಂದು ಹುಡುಗಿ ಜ್ವರದಲ್ಲಿ ಹೋದಳು ಅಂದ್ರು. ನೀವೇನಂದ್ರಿ? ಶಾಲೆಯಲ್ಲಿ ತೀರಿಕೊಂಡಳು ಅಂತ. ರೆಕಾರ್ಡ್ ಇದೆ, ಬೇಕಾದ್ರೆ ಕೇಳಿ. ಕೊಂದ್ರು ಅಂತ ಯಾರ ಬಾಯಲ್ಲೂ ಬಂದಿಲ್ಲ."

"ಅಮ್ಮ ಹೇಳಿದ್ಳು."

"ಕೈಯಲ್ಲಿ," ಎಂದರು ಅವರು, ಮೆತ್ತಗೆ. "ಅದನ್ನ ಹೇಳಬೇಕಾದವರು ನೀವಿದ್ರಿ."

ಅವಳು ಕೆಲಸ ಬಿಟ್ಟಳು. ಬಿಟ್ಟರೆ ಯಾರಿಗೆ ನಷ್ಟ? ಅಳತೆ, ನಕ್ಷೆ, ಫೋಟೊ ಎಲ್ಲವನ್ನೂ ಅವಳು ಆಗಲೇ ಒಪ್ಪಿಸಿಯಾಗಿತ್ತು, ಚಿತ್ರ ತಯಾರಾಗಿಹೋಯಿತು. ‘ಬಾಗಿಲು ತೆಗೆಯಿರಿ’ ಎಂದೇ ಅದಕ್ಕೆ ಹೆಸರಿಟ್ಟರು. ಪಾಳುಬಿದ್ದ ಶಾಲೆಯ ಗಂಟೆಯಿಂದ ಶುರುವಾಗಿ, ಕಾಗದದ ಚೂರು ಹಾರಿ, ಗುರು ಶಿಷ್ಯೆಯ ಕೆನ್ನೆ ಸವರಿ, ಕೊನೆಗೆ ಅಮ್ಮನ ಮುಖ ಪರದೆಯ ತುಂಬ ಬಂದು "ಬಾಗಿಲು ತೆಗೆಯಿರಿ" ಎಂದು ಮೂರು ಸಲ ಕೂಗುತ್ತದೆ. ಮುಚ್ಚಿದ ಶಾಲೆಯ ಬಾಗಿಲು ತೆಗೆಯಿರಿ ಎಂದು ಹಳೆಯ ವಿದ್ಯಾರ್ಥಿನಿಯ ಮೊರೆ ಎಂದು ಜನ ಅರ್ಥಮಾಡಿಕೊಂಡರು. ನೋಡಿದವರೆಲ್ಲ ಕಣ್ಣೊರೆಸಿಕೊಂಡರು. ಕಟ್ಟಡ ಉಳಿಯಿತು. ಅದಕ್ಕೆ ದೊಡ್ಡ ಟೀಚರ ಹೆಸರಿಟ್ಟರು. ಮೆಟ್ಟಿಲ ಕೆಳಗಿನ ಉಗ್ರಾಣಕ್ಕೆ ಸುಣ್ಣ ಬಳಿದು, ನೋಡಲು ಬರುವವರ ಚೀಲ ಛತ್ರಿ ಇಡುವ ಜಾಗ ಮಾಡಿದರು. ಉದ್ಘಾಟನೆಯ ದಿನ ಅಮ್ಮನಿಗೆ ಮುಂದಿನ ಸಾಲಿನ ಕುರ್ಚಿ ಕಾದಿರಿಸಿ ಕಾರು ಕಳಿಸಿದ್ದರು. ಅಮ್ಮ ಅದನ್ನು ಬಾಗಿಲಿಂದಲೇ ಹಿಂದಕ್ಕೆ ಕಳಿಸಿದಳು.

ಮಗಳ ಮೇಲೆ ಅಮ್ಮ ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಎಷ್ಟೋ ವಾಸಿಯಿತ್ತು. ಸಭೆಯಿಂದ ಮನೆಗೆ ಬಂದ ಸಂಜೆ ಮಗಳು ಕೈಯಲ್ಲಿ "ತಪ್ಪಾಯ್ತಮ್ಮ" ಎಂದಳು. ಅಮ್ಮ ಆ ಕೈಗಳತ್ತ ನೋಡಲಿಲ್ಲ. ಅವಳ ತುಟಿ ನೋಡುತ್ತ ಕಾದಳು, ತುಟಿ ಅಲುಗದಿದ್ದಾಗ ಎದ್ದು ಹೋದಳು. ಊಟಕ್ಕೆ ತಟ್ಟೆ ಇಟ್ಟು, ಆ ಒಣಗಿದ ಸ್ವರದಲ್ಲಿ, "ಊಟ. ಮಾಡಿ," ಎಂದಳು.

ಮಾಡಿ. ಹೆತ್ತ ಮಗಳಿಗೆ ಬಹುವಚನ. ಶಾಲೆಯಲ್ಲಿ ಕಲಿಸಿದ್ದೇ ಅಷ್ಟು. ಕಿವಿಯಿದ್ದವರ ಹತ್ತಿರ ಹೀಗೆ ಮಾತಾಡಬೇಕು ಎಂದು.

ಆವತ್ತಿನಿಂದ ಅದೇ ಆಯಿತು. ಕತ್ತರಿ ಕೊಡಿ. ದಯವಿಟ್ಟು. ವಂದನೆ. ಮಗಳು ಎದುರಿಗೆ ಕೂತು ಕೈ ಆಡಿಸುತ್ತಿದ್ದಳು, ಬೇಡಿಕೊಳ್ಳುತ್ತಿದ್ದಳು, ಗಿರಾಕಿಗಳನ್ನು ಅಣಕಿಸಿ ನಗಿಸಲು ನೋಡುತ್ತಿದ್ದಳು. ಅರ್ಥವಾಗದ ಪರಭಾಷೆ ಕೇಳಿಸಿಕೊಂಡವರ ಹಾಗೆ ಅಮ್ಮ ಸೌಜನ್ಯದಿಂದ ಕಾಯುತ್ತಿದ್ದಳು. ಹುಬ್ಬಿನ ಮೇಲೆ ಗೀರೆಳೆದು ಅವಳನ್ನು ಕರೆಯುವುದನ್ನೂ ಬಿಟ್ಟಳು. ಬೇಕಾದಾಗ ಹತ್ತಿರ ಬಂದು, "ಮಗಳು," ಎನ್ನುತ್ತಿದ್ದಳು. ಗ ತಪ್ಪುತ್ತಿರಲಿಲ್ಲ.

ಚಿತ್ರ ನೋಡಿ ಅಮ್ಮನ ಗುರುತು ಹಿಡಿದ ಹಳೆಯ ಸಹಪಾಠಿಗಳು ಒಬ್ಬೊಬ್ಬರಾಗಿ ಹುಡುಕಿಕೊಂಡು ಬಂದರು. ಒಬ್ಬ ಬಡಗಿ, ಒಬ್ಬಳು ಬೇಕರಿಯಲ್ಲಿ ಕೆಲಸದವಳು, ಅಚ್ಚುಕೂಟದಲ್ಲಿದ್ದ ಒಬ್ಬ, ಇನ್ನೂ ಕೆಲವರು. ಭಾನುವಾರ ಮಧ್ಯಾಹ್ನ ಸೇರುವುದು ರೂಢಿಯಾಯಿತು. ಮಗಳು ಹೊಸ ಕೆಲಸ ಹುಡುಕಿಕೊಂಡು ಹೊರಗೆ ಅಲೆಯುತ್ತಿದ್ದ ಕಾಲ ಅದು. ಒಂದು ಭಾನುವಾರ ಬೇಗ ಮನೆಗೆ ಬಂದಳು. ಹೊಲಿಗೆಯ ಕೋಣೆಯ ತುಂಬ ಜನ. ಎದುರಿನ ಗೋಡೆಯೇ ಕಾಣದಷ್ಟು ಕೈಗಳು. ಬಡಗಿ ಯಾರನ್ನೋ ಅಣಕಿಸುತ್ತಿದ್ದ, ಅಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಕಣ್ಣಲ್ಲಿ ನೀರು ಬರುವ ಹಾಗೆ ನಗುವ ಆ ನಗುವನ್ನು ಮಗಳು ನೋಡಿ ತಿಂಗಳುಗಳೇ ಆಗಿದ್ದವು. ಅವಳು ಬಾಗಿಲಲ್ಲಿ ನಿಂತು ತಾನೂ ನಕ್ಕಳು.

ಅಮ್ಮ ತಲೆಯೆತ್ತಿ ನೋಡಿದಳು. ಅವಳು ನೋಡಿದ್ದನ್ನು ಉಳಿದವರು ನೋಡಿದರು. ಒಂದೊಂದಾಗಿ ಎಲ್ಲರ ಕೈಗಳೂ ಇಳಿದವು. ಕೆಲವರದು ಮಡಿಲಿಗೆ, ಕೆಲವರದು ಬೆನ್ನ ಹಿಂದಕ್ಕೆ. ನರೆತಲೆಯ ಹೆಂಗಸರು ಗಂಡಸರು ಬೆನ್ನು ನೆಟ್ಟಗೆ ಮಾಡಿ ಕೂತರು. ಬಡಗಿ ತುಟಿ ಒದ್ದೆ ಮಾಡಿಕೊಂಡು, ಬಹಳ ಕಷ್ಟಪಟ್ಟು, "ವಂ... ದನೆ," ಎಂದ.

"ನನಗೆ ಕೈಮಾತು ಬರುತ್ತೆ," ಎಂದು ಅವಳು ಕೈಯಲ್ಲೇ ಹೇಳಿದಳು. "ಚಿಕ್ಕಂದಿನ ಮಾತು ನಂದು. ದಯವಿಟ್ಟು ಮಾತಾಡಿ."

ಬಡಗಿ ಅಮ್ಮನ ಮುಖ ನೋಡಿದ. ಅಮ್ಮ ಅಲುಗಲಿಲ್ಲ.

"ಚಹಾ ಕೊಡಿ," ಎಂದಳು ಅಮ್ಮ, ಬಾಯಲ್ಲಿ.

ಅವಳು ಅಡುಗೆಮನೆಗೆ ಹೋಗಿ ಒಲೆ ಹಚ್ಚಿದಳು. ನೀರು ಕಾಯುವಷ್ಟರಲ್ಲಿ ಮುಂದಿನ ಕೋಣೆಯಲ್ಲಿ ತೋಳಿನ ಬಟ್ಟೆಯ ಸರಸರ, ಅಂಗೈಗೆ ಅಂಗೈ ತಟ್ಟುವ ಸದ್ದು, ತಡೆದ ನಗೆಯ ಉಸಿರು ಮತ್ತೆ ಶುರುವಾದವು. ಆ ಮನೆಯಲ್ಲಿ ಅದು ಕೇಳುತ್ತಿದ್ದದ್ದು ಅವಳೊಬ್ಬಳಿಗೆ. ಹಾಲು ಉಕ್ಕದಂತೆ ನೋಡಿಕೊಂಡು, ಲೋಟಗಳಿಗೆ ಸೋಸಿ, ತಟ್ಟೆಯಲ್ಲಿಟ್ಟುಕೊಂಡು ಅವಳು ಹೊರಗೆ ಬಂದಳು. ಕೈಗಳೆಲ್ಲ ಇಳಿದವು.